22 ಜನ ಶುರು ಮಾಡಿದ ತೋಟಕ್ಕೆ ಈಗ ನಾಲ್ವರೇ ಬರುತ್ತಾರೆ, ಮುಚ್ಚಿಬಿಡಲೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ 6 ಗುಂಟೆ ಜಾಗ ಕಾಂಗ್ರೆಸ್ ಗಿಡ ಬೆಳೆದು ಪಾಳು ಬಿದ್ದಿತ್ತು. 2 ವರ್ಷದ ಹಿಂದೆ 22 ಜನ ಸೇರಿ ಹಸನು ಮಾಡಿ ತರಕಾರಿ ತೋಟ ಮಾಡಿದೆವು. ಮೊದಲ ವರ್ಷ ಹಬ್ಬದ ಹಾಗಿತ್ತು. ಈಗ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಬರುವವರು ನಾವು ನಾಲ್ವರೇ. ಉಳಿದವರು ಕೀಳುವುದಕ್ಕೆ ಮಾತ್ರ ಬರುತ್ತಾರೆ. ಟೊಮೆಟೊ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತಿದೆ. ಮಾಲಿಯನ್ನಿಟ್ಟು ತರಕಾರಿ ಮಾರಿ ಸಂಬಳ ಕೊಡೋಣ ಎಂದು ಒಬ್ಬರು, ಎಲ್ಲ ಕಿತ್ತು ಟೈಲ್ಸ್ ಹಾಕಿಸಿ ಜಿಮ್ ಸಾಮಾನು ಇಡಿಸೋಣ ಎಂದು ಇನ್ನೊಬ್ಬರು. ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬರದಿದ್ದ ತಾತ ಒಬ್ಬರು ಇಲ್ಲಿಗೆ ದಿನಾ ಬರುತ್ತಾರೆ. ಅವರನ್ನು ನೋಡಿದರೆ ಮುಚ್ಚಲು ಮನಸ್ಸಾಗುವುದಿಲ್ಲ. ಇನ್ನೊಂದು ಭಯವೂ ಇದೆ. ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ಹುಡುಗನೊಬ್ಬ ಬರುತ್ತಾನೆ. ತೋಟಕ್ಕೆ ಬಂದ ಮೇಲೆ ಚೆನ್ನಾಗಿದ್ದಾನೆ ಎಂದು ಮನೆಯವರು ಮಾತ್ರೆ ನಿಲ್ಲಿಸುವ ಯೋಚನೆಯಲ್ಲಿದ್ದಾರೆ. ಮಣ್ಣು ಮುಟ್ಟಿದರೆ ಖಿನ್ನತೆ ವಾಸಿಯಾಗುತ್ತದೆ ಅನ್ನುವುದು ನಿಜವೇ? (ಹೆಸರು ಬೇಡ, ಕೋಲಾರ)

ಉತ್ತರ: ಟೀಚರಮ್ಮ, ನೀವು ಕೊನೆಯಲ್ಲಿ ಬರೆದ ಮಾತಿಗೆ ನಾನು ಮೊದಲು ಉತ್ತರ ಕೊಡುತ್ತೇನೆ. ತೋಟದ ವಿಷಯ ಒಂದು ತಿಂಗಳು ತಡವಾದರೂ ನಡೆಯುತ್ತದೆ, ಹುಡುಗನ ಮಾತ್ರೆಯ ವಿಷಯ ನಡೆಯುವುದಿಲ್ಲ.

ಮಾತ್ರೆ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು. ಅದಕ್ಕಿಂತ ದೊಡ್ಡ ಅಪಾಯ ಕಾಯಿಲೆ ಮರುಕಳಿಸುವುದು. ಹುಡುಗ ಈಗ ಚೆನ್ನಾಗಿರುವುದಕ್ಕೆ ಮಾತ್ರೆಯ ಪಾಲೂ ಇದೆ, ತೋಟದ ಪಾಲೂ ಇದೆ. ಯಾವುದರದು ಎಷ್ಟು ಎಂದು ನಾವು ನೀವು ಅಳೆಯಲಾರೆವು. ಡೋಸು ಇಳಿಸುವುದಿದ್ದರೆ ಬರೆದುಕೊಟ್ಟ ವೈದ್ಯರೇ ನಿಧಾನವಾಗಿ ಇಳಿಸಬೇಕು. ಮನೆಯವರಿಗೆ ಆಸ್ಪತ್ರೆಗೆ ಹೋಗಿ ಕೇಳಲು ಹಿಂಜರಿಕೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಮಾತನ್ನು ಅವನ ತಾಯಿಗೆ ನೀವೇ, ಮನೆಗೆ ಹೋಗಿ, ಬೇರೆಯವರಿಲ್ಲದಾಗ ಹೇಳಿ. ತೋಟದಲ್ಲಿ ನಾಲ್ಕು ಜನರ ಮುಂದೆ ಬೇಡ. ಹುಡುಗ ಎಂದಾದರೂ ಸಾಯುವ ಮಾತಾಡಿದರೆ ಅದನ್ನು ಬೇಸರದ ಮಾತು ಎಂದು ತಳ್ಳಿಹಾಕದೆ, ಒಬ್ಬನೇ ಇರಲು ಬಿಡದೆ, ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಬೇಕು.

ಮಣ್ಣಿನ ಮಹಿಮೆಯ ಸುದ್ದಿ ವಾಟ್ಸಾಪಿನಲ್ಲಿ ನನಗೂ ಬಂದಿದೆ. ಅದರ ಮೂಲ ಇಷ್ಟೇ: ಮಣ್ಣಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ವ್ಯಾಕೇ ಎಂಬ ಸೂಕ್ಷ್ಮಜೀವಿಯನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಮಿದುಳಿನಲ್ಲಿ ಸೆರೊಟೋನಿನ್‌ಗೆ, ಅಂದರೆ ಮನಸ್ಸಿನ ಸ್ಥಿತಿಯ ಜೊತೆ ನಂಟಿರುವ ಒಂದು ರಾಸಾಯನಿಕಕ್ಕೆ, ಸಂಬಂಧಪಟ್ಟ ನರಕೋಶಗಳು ಚುರುಕಾದವು. 2007ರಲ್ಲಿ ಪ್ರಕಟವಾದ ಪ್ರಯೋಗ. ಅದು ಇಲಿಯ ಕತೆ, ಅದರಿಂದ ಮನುಷ್ಯನ ಖಿನ್ನತೆಗೆ ಮಣ್ಣೇ ಮದ್ದು ಅನ್ನಲಾಗದು. ಮನುಷ್ಯರ ಮೇಲಿನ ಒಳ್ಳೆಯ ಅಧ್ಯಯನವೂ ಇದೆ. ಅಮೆರಿಕದ ಡೆನ್ವರ್ ನಗರದಲ್ಲಿ 291 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಮುದಾಯ ತೋಟದಲ್ಲಿ ಮಡಿ ಕೊಟ್ಟರು, ಇನ್ನೊಂದಕ್ಕೆ ಕಾಯಲು ಹೇಳಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ತೋಟದವರು ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರಿನಂಶ ತಿಂದರು, ಮೈ ಸ್ವಲ್ಪ ಹೆಚ್ಚು ಬಗ್ಗಿಸಿದರು, ಒತ್ತಡ ಮತ್ತು ಆತಂಕ ಕಡಿಮೆಯಾಯಿತು. ಪವಾಡವೇನೂ ನಡೆಯಲಿಲ್ಲ, ಆದರೆ ಪ್ರಯೋಜನ ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ತೋಟದ ಕೆಲಸ ಇದೆ. ಅಲ್ಲಿ ಅದು ಚಿಕಿತ್ಸೆಯ ಜೊತೆಗೆ ನಡೆಯುತ್ತದೆ.

ನಾನು ತೋಟಗಾರಿಕೆಯವನು, ವೈದ್ಯನಲ್ಲ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರ ಹಗಲು ಕೇಂದ್ರವೊಂದಕ್ಕೆ ಕೆಲವು ವರ್ಷ ವಾರಕ್ಕೊಮ್ಮೆ ಹೋಗಿ ಕೈತೋಟ ಮಾಡಿಸುತ್ತಿದ್ದೆ. ಅಲ್ಲಿ ಕಲಿತದ್ದನ್ನು ಹೇಳಬಲ್ಲೆ. ಅಂಥ ಹುಡುಗನಿಗೆ ಬೇಕಾದ್ದು ಸಮಾಧಾನದ ಮಾತಲ್ಲ, ಅವನದೇ ಆದ ಒಂದು ಸಣ್ಣ ಕೆಲಸ. ಸಸಿಮಡಿಗೆ ದಿನಾ ನೀರು ಚಿಮುಕಿಸುವುದು ಅವನ ಪಾಲಿಗೆ ಬಿಡಿ. ಬಂದರೆ "ಬಂದೆಯಾಪ್ಪ", ಬಾರದಿದ್ದರೆ ನಾಳೆ "ನಿನ್ನೆ ನಾನೇ ಹಾಕಿದೆ" ಅಷ್ಟು ಸಾಕು. ಕೆಲವು ಮಾತ್ರೆಗಳವರಿಗೆ, ಮುಖ್ಯವಾಗಿ ಲಿಥಿಯಂ ತೆಗೆದುಕೊಳ್ಳುವವರಿಗೆ, ಬಿಸಿಲಲ್ಲಿ ಬೆವರಿ ಮೈಯ ನೀರು ಕಡಿಮೆಯಾಗುವುದು ಆಗಿಬರುವುದಿಲ್ಲ. ಬೆಳಿಗ್ಗೆ 9ರ ಒಳಗೆ ಅವನ ಕೆಲಸ ಮುಗಿಯಲಿ, ನೀರಿನ ಬಾಟಲಿ ಜೊತೆಗಿರಲಿ.

ಈಗ ತೋಟಕ್ಕೆ ಬರೋಣ.

22ರಿಂದ 4ಕ್ಕೆ ಇಳಿದದ್ದನ್ನು ನೀವು ಸೋಲು ಅಂದುಕೊಂಡಿದ್ದೀರಿ. ನಾನು ಕಂಡ ಹಾಗೆ ಇಂಥ ತೋಟಗಳೆಲ್ಲ ಎರಡನೇ ವರ್ಷ ಹೀಗೇ ಇಳಿಯುತ್ತವೆ. ಕಾಂಗ್ರೆಸ್ ಗಿಡ ಕಿತ್ತು ಜಾಗ ಹಸನು ಮಾಡುವುದು ಜಾತ್ರೆಯ ಕೆಲಸ, ಎಲ್ಲರೂ ಬರುತ್ತಾರೆ, ಫೋಟೊ ಹಿಡಿಯುತ್ತಾರೆ. ಕಳೆ ಕೀಳುವುದು ಮನೆಗೆಲಸ. ಜಾತ್ರೆಗೆ ಬಂದವರೆಲ್ಲ ಮನೆಗೆಲಸಕ್ಕೂ ಬರಲಿ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ನಿಮ್ಮ ತಪ್ಪು ಬೇರೆ ಕಡೆ ಇದೆ: 22 ಜನರ ಲೆಕ್ಕದಲ್ಲಿ ಮಾಡಿದ ಮಡಿಗಳನ್ನು ನಾಲ್ವರು ಎಳೆಯುತ್ತಿದ್ದೀರಿ. ವಾರಕ್ಕೆ ಎರಡು ಮೂರು ಗಂಟೆ ಕೊಡುವ ಒಬ್ಬರು ನೆಮ್ಮದಿಯಾಗಿ ನೋಡಿಕೊಳ್ಳಬಲ್ಲದ್ದು ಸುಮಾರು 15 ಚದರ ಮೀಟರ್ ತರಕಾರಿ ಮಡಿ, ಇದು ನನ್ನ ಅನುಭವದ ಅಂದಾಜು. ಹಾಗಾದರೆ ನಾಲ್ವರಿಗೆ 60. ನಿಮ್ಮ ಜಾಗ 600 ಚದರ ಮೀಟರ್ ಚಿಲ್ಲರೆ ಇದೆ. ಅದರಲ್ಲಿ ಅರ್ಧಕ್ಕರ್ಧ ಮಡಿ ಮಾಡಿದ್ದರೂ ಮೈ ಮುರಿಯುವುದು ಖಂಡಿತ.

ನೀರಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಬೇಸಿಗೆಯಲ್ಲಿ ಸೊಪ್ಪು ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದು ಹಿಡಿದರೆ 300 ಚದರ ಮೀಟರಿಗೆ ದಿನಕ್ಕೆ 1,500 ಲೀಟರ್. ಕೋಲಾರದಲ್ಲಿ ಇದನ್ನು ಯಾರ ಬೋರ್‌ವೆಲ್ಲಿನಿಂದ ತರುತ್ತೀರಿ? 60 ಚದರ ಮೀಟರಿಗೆ 300 ಲೀಟರ್ ಸಾಕು. ಹೊಂಗೆ ಎಲೆಯನ್ನೋ ಒಣಹುಲ್ಲನ್ನೋ ನಾಲ್ಕು ಬೆರಳು ದಪ್ಪ ಹೊದಿಸಿದರೆ ಇನ್ನೂ ಕಡಿಮೆ. ಪಕ್ಕದ ಮನೆಯವರು 1,000 ಚದರಡಿ ತಾರಸಿಯ ನೀರು ಬಿಟ್ಟುಕೊಟ್ಟರೆ, 700 ಮಿಲಿಮೀಟರ್ ಮಳೆಯಾಗುವ ವರ್ಷದಲ್ಲಿ ಸೋರಿಕೆ ಆವಿ ಕಳೆದೂ 50,000 ಲೀಟರಿನಷ್ಟು ಸಿಗುತ್ತದೆ. ನಮ್ಮಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬೀಳುವುದರಿಂದ ಅಷ್ಟನ್ನೂ ಹಿಡಿದಿಡಲಾಗದು, ಎರಡು ಸಿಂಟೆಕ್ಸ್ ತುಂಬಿದರೂ ಲಾಭವೇ. ಡ್ರಮ್ಮಿಗೆ ಮುಚ್ಚಳ ಕಡ್ಡಾಯ. ಡೆಂಗಿ ಹರಡುವ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ, ಒಂದು ವಾರ ಹತ್ತು ದಿನದಲ್ಲಿ ಹಾರಲು ತಯಾರಾಗುತ್ತದೆ. ವಾರಕ್ಕೊಮ್ಮೆ ಬಕೆಟ್, ಕುಂಡದ ತಟ್ಟೆ ಎಲ್ಲ ಬೋರಲು ಹಾಕಿ ಒಣಗಿಸಿ. ಯಾರಾದರೂ ಕೆರೆಯಿಂದ ಟ್ಯಾಂಕರಿನಲ್ಲಿ ನೀರು ತರಿಸೋಣ ಅಂದರೆ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಎಂಬುದು ನೆನಪಿರಲಿ. ಅದು ಅಂತರ್ಜಲ ತುಂಬಲು ಬಂದದ್ದು. ಕೊತ್ತಂಬರಿ, ಪುದೀನ ಅಂಥ ಹಸಿಯಾಗಿ ತಿನ್ನುವುದಕ್ಕೆ ಅದನ್ನು ನಾನು ಹಾಕುವುದಿಲ್ಲ.

ಟೊಮೆಟೊ ಜಗಳಕ್ಕೆ ಸುಲಭದ ಪರಿಹಾರ ಇದೆ, ಟೊಮೆಟೊ ಬೆಳೆಯಬೇಡಿ. ಕೋಲಾರದವನಾಗಿ ಈ ಮಾತು ಹೇಳುತ್ತಿದ್ದೇನೆ, ಬೈಯಬೇಡಿ. ಊರ ಸುತ್ತ ಅದೇ ಬೆಳೆ ಇರುವುದರಿಂದ ಬಿಳಿನೊಣ, ಅದು ತರುವ ಎಲೆಮುರುಟು ನಂಜು, 2014ರಲ್ಲಿ ದೇಶಕ್ಕೆ ಬಂದ, ಎಲೆ ಕಾಯಿ ಕೊರೆಯುವ ಟೂಟಾ ಹುಳು ಎಲ್ಲವೂ ನಿಮ್ಮ ನಾಲ್ಕು ಸಾಲಿಗೆ ಬಂದೇ ಬರುತ್ತವೆ. ಕೋಲು ಕಟ್ಟಬೇಕು, ದಾರ ಎಳೆಯಬೇಕು, ಔಷಧಿ ಹೊಡೆಯಬೇಕು, ಆಮೇಲೆ ಎಲ್ಲ ಕಾಯಿಯೂ ಒಂದೇ ವಾರ ಹಣ್ಣಾಗಿ ಹಂಚುವಾಗ ಜಗಳ. ಪಕ್ಕದಲ್ಲೇ ಏಷ್ಯಾಕ್ಕೇ ಹೆಸರಾದ ಟೊಮೆಟೊ ಮಂಡಿ ಇರುವಾಗ ಇದೆಲ್ಲ ಯಾಕೆ?

ದಿನಾ ಒಂದು ಹಿಡಿ ಕಿತ್ತರೂ ಮುಗಿಯದಂಥದ್ದನ್ನು ಬೆಳೆಯಿರಿ. ಚಕ್ರಮುನಿ, ಹೊನಗೊನೆ, ಬಸಳೆ, ದೊಡ್ಡಪತ್ರೆ, ಒಂದೆಲಗ, ಕರಿಬೇವು, ಎರಡು ನುಗ್ಗೆ. ನೆಟ್ಟರೆ ವರ್ಷಗಟ್ಟಲೆ ಇರುತ್ತವೆ. ಮಧ್ಯೆ ಒಂದೆರಡು ಮಡಿಯಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ. ಮೂರರಿಂದ ಐದು ವಾರದಲ್ಲಿ ಕೊಯ್ಲು. ಮಳೆ ಬಿದ್ದಾಗ ತಾನೇ ಹುಟ್ಟುವ ಕೀರೆ, ಗೋಣಿಸೊಪ್ಪನ್ನು ಕಳೆ ಎಂದು ಕಿತ್ತು ಎಸೆಯಬೇಡಿ. ಬೆರಕೆ ಸೊಪ್ಪು ಗುರುತಿಸುವ ಅಜ್ಜಿಯರು ನಿಮ್ಮ ಬಡಾವಣೆಯಲ್ಲಿ ಇನ್ನೂ ಇದ್ದಾರೆ, ಮಕ್ಕಳ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದಾರೆ. ಕಳೆ ಕೀಳಲು ಬನ್ನಿ ಅಂದರೆ ಮಂಡಿನೋವು ಅನ್ನುತ್ತಾರೆ. "ಅಜ್ಜಿ, ಇದು ತಿನ್ನೋ ಸೊಪ್ಪಾ, ಬಿಡೋ ಸೊಪ್ಪಾ ಸ್ವಲ್ಪ ನೋಡಿ ಹೇಳಿ" ಅಂದರೆ ಎದ್ದು ಬರುತ್ತಾರೆ. ಬೇಲಿಗೆ ಸೊಗಡಿನ ಅವರೆ ಹಬ್ಬಿಸಿ. ಮಳೆಗಾಲದಲ್ಲಿ ಹಾಕಿದರೆ ಡಿಸೆಂಬರ್ ಚಳಿಗೆ ಕಾಯಿ, ಒಂದು ಸಂಜೆ ಎಲ್ಲರೂ ಕೂತು ಹಿತಿಕಿದರೆ ಮಾತು ನಿಂತ ಎರಡು ಮನೆಗಳೂ ಬಾಯಿ ಬಿಡಲೇಬೇಕಾಗುತ್ತದೆ. ಅವರೆಕಾಳು ಹಿತಿಕುತ್ತಾ ಮೌನವಾಗಿ ಕೂತವರನ್ನು ನಾನಂತೂ ಕಂಡಿಲ್ಲ.

ಕೆಲಸ ಮಾಡದೆ ಕೀಳುವವರ ಬಗ್ಗೆ ನಿಮಗೆ ಸಿಟ್ಟಿದೆ, ನ್ಯಾಯವೇ. ಆದರೆ ಬೀಗ ಹಾಕಿದರೆ ತೋಟ ಇನ್ನೊಂದು ಕಾಂಪೌಂಡು ಆಗುತ್ತದೆ. ಬೆಳಗಿನ ಜಾವ ಕೊಕ್ಕೆ ಕೋಲು ಹಿಡಿದು ಬೇರೆಯವರ ಮನೆ ದಾಸವಾಳ ಬಗ್ಗಿಸುವ ಜನ ನಾವು. ಪೂಜೆಗೆ ಕಿತ್ತ ಹೂ ಕಳ್ಳತನವಲ್ಲ ಅನ್ನುವುದು ನಮ್ಮ ಸಿದ್ಧಾಂತ! ಅದಕ್ಕೇ ಬೇಲಿಯ ಹೊರಗೆ, ರಸ್ತೆ ಕಡೆ, ಒಂದು ಸಾಲು ಯಾರು ಬೇಕಾದರೂ ಕೀಳಲಿ ಎಂದೇ ಬಿಡಿ: ದಾಸವಾಳ, ಕಾಕಡ, ಕನಕಾಂಬರ, ಕರಿಬೇವು. ಒಳಗಿನದಕ್ಕೆ ಒಂದೇ ನಿಯಮ ಇರಲಿ, ಕೀಳುವುದು ವಾರಕ್ಕೆ ಎರಡು ಸಂಜೆ, ಎಲ್ಲರ ಎದುರಿಗೆ. ನಾನು ನೋಡಿಕೊಂಡ ಒಂದು ತೋಟದಲ್ಲಿ ಹೀಗೆ ಮಾಡಿದ ಮೇಲೆ ದೂರು ನಿಂತವು. ಕಳ್ಳತನ ಪೂರ್ತಿ ನಿಲ್ಲಲಿಲ್ಲ.

ಜನ ಯಾಕೆ ಬರುತ್ತಿಲ್ಲ ಎಂದು ಕೇಳುವ ಮೊದಲು ನೀವು ಕರೆಯುವ ಹೊತ್ತು ನೋಡಿ. ಭಾನುವಾರ ಬೆಳಿಗ್ಗೆ! ವಾರವೆಲ್ಲ ಕತ್ತಲಲ್ಲೇ ಎದ್ದು ಬೆಂಗಳೂರಿನ ಬಸ್ಸು, ರೈಲು ಹಿಡಿಯುವವರು ಆ ಒಂದು ದಿನ ಮಲಗುತ್ತಾರೆ, ಇಲ್ಲ ಮಟನ್ ಅಂಗಡಿ ಮುಂದೆ ನಿಂತಿರುತ್ತಾರೆ. ನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಹುಡುಗರು ನಿಮ್ಮ ಬಡಾವಣೆಯಲ್ಲೂ ಬಾಡಿಗೆ ರೂಮಿನಲ್ಲಿರಬಹುದು. ಅವರನ್ನು ಯಾರಾದರೂ ಕರೆದಿದ್ದೀರಾ? ಕ್ಷೇಮಾಭಿವೃದ್ಧಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸೈಟಿನ ಮಾಲೀಕರು ಮಾತ್ರ ಇರುತ್ತಾರೆ. ಬಾಡಿಗೆಯವರು, ವಾಚ್‌ಮನ್ ಕುಟುಂಬ, ಮನೆಗೆಲಸದವರು ಇರುವುದಿಲ್ಲ. ಊರಿನಲ್ಲಿ ಹೊಲ ಕಂಡವರು ಹೆಚ್ಚಾಗಿ ಅವರೇ.

ಇಲ್ಲೊಂದು ಕಹಿ ಮಾತು. ಕೆಲಸಗಳ ಪಟ್ಟಿ ಮಾಡಿ, ಯಾವುದು ಯಾರ ಪಾಲಿಗೆ ಬರುತ್ತಿದೆ ನೋಡಿ. ಸಸಿ ನೆಡುವುದು, ಹೂ ಬಿಡಿಸುವುದು ಒಂದಷ್ಟು ಜನಕ್ಕೆ; ಸಗಣಿ ಹೊರುವುದು, ಗೊಬ್ಬರದ ಗುಂಡಿ ತಿರುವುವುದು ಯಾವಾಗಲೂ ಅದೇ ಇಬ್ಬರಿಗೆ. ಆ ಇಬ್ಬರು ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಟೀ ಲೋಟ ಬೇರೆ ಇಟ್ಟ ತೋಟವನ್ನೂ ನಾನು ನೋಡಿದ್ದೇನೆ. ಗುಂಡಿ ತಿರುವುವುದು ಸರದಿಯಲ್ಲಿ ಬರಲಿ, ಮೊದಲ ಸರದಿ ಸಂಘದ ಅಧ್ಯಕ್ಷರದಾಗಲಿ. ಅವರು ಒಪ್ಪದಿದ್ದರೆ ನಿಮ್ಮ ತೋಟದ ಕಾಯಿಲೆ ಏನೆಂದು ಅವತ್ತೇ ಗೊತ್ತಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಅದು ಸೇವೆ ಅಲ್ಲ, ಲೆಕ್ಕ. ಸೇವೆಯ ಹೆಸರಿನಲ್ಲಿ ಕರೆದರೆ ಜನ ಕೈಮುಗಿದು ಹೋಗುತ್ತಾರೆ. ಮುಯ್ಯಿಯ ಹಾಗೆ ಕರೆದರೆ ಬರುತ್ತಾರೆ. ಶಿಫ್ಟಿನ ಹುಡುಗ ಒಂದು ಸಂಜೆ ಅಗೆದುಕೊಟ್ಟರೆ ನೀವು ಅವನ ಅರ್ಜಿಯೊಂದನ್ನು ಬರೆದುಕೊಡಿ, ನೀವು ಟೀಚರು. ಇದನ್ನು ಕೀಳು ವ್ಯಾಪಾರ ಅಂದುಕೊಳ್ಳಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಟೈಲ್ಸಿನದು ಒಂದೇ ಹಿಂದಿರುಗಲಾಗದ್ದು. ಜೆಲ್ಲಿ, ಸಿಮೆಂಟು ಬಿದ್ದ ಮಣ್ಣು ಮತ್ತೆ ಮಣ್ಣಾಗುವುದು ಕಷ್ಟ. ತಾತ ಆ ಕಬ್ಬಿಣದ ಸೈಕಲ್ ತುಳಿಯುತ್ತಾರೆಯೇ? ಜಾಗ ಕೇಳುವವರಿಗೆ ಒಂದು ಮೂಲೆಯಲ್ಲಿ ನಡೆದಾಡುವ ದಾರಿ, ಎರಡು ಕಲ್ಲುಬೆಂಚು ಬಿಡಿ, ಮುಗಿಯಿತು.

ಮಾಲಿಯನ್ನಿಟ್ಟರೆ ತೋಟ ಚೆನ್ನಾಗಿ ಕಾಣುತ್ತದೆ, ಆರು ತಿಂಗಳಲ್ಲಿ ಅದು ಮಾಲಿಯ ತೋಟವಾಗುತ್ತದೆ, ನೀವು ನಾಲ್ವರೂ ಬರುವುದು ಬಿಡುತ್ತೀರಿ. ಗುಂಡಿ ಅಗೆಯಲು, ಮರದ ಕೊಂಬೆ ಸವರಲು ತಿಂಗಳಿಗೆ ಒಂದೆರಡು ದಿನ ಕೂಲಿ ಕೊಟ್ಟು ಕರೆಸುವುದು ಬೇರೆ ಮಾತು, ಅದನ್ನು ಧಾರಾಳವಾಗಿ ಮಾಡಿ. ತರಕಾರಿ ಮಾರಿ ಸಂಬಳ ಎಂಬುದು ಕಾಗದದ ಲೆಕ್ಕ. 6 ಗುಂಟೆಯ ಸೊಪ್ಪಿನಲ್ಲಿ ಒಬ್ಬರ ಸಂಸಾರ ನಡೆಯುವುದಿಲ್ಲ. ಮೇಲಾಗಿ ಪಾರ್ಕು ಎಂದು ಗುರುತಿಸಿದ ಜಾಗಕ್ಕೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಯ ಕಾಯ್ದೆ ಇದೆ. ಅಲ್ಲಿ ವ್ಯಾಪಾರ ಶುರು ಮಾಡಿದರೆ ಆಗದವರೊಬ್ಬರ ಒಂದು ಅರ್ಜಿ ಸಾಕು. ಅಂದಹಾಗೆ, ನಿಮ್ಮ ಹತ್ತಿರ ಕಾಗದದ ಮೇಲೆ ಅನುಮತಿ ಇದೆಯೇ? ಬಡಾವಣೆ ನಗರಸಭೆಗೆ ಹಸ್ತಾಂತರವಾಗಿದ್ದರೆ ನಗರಸಭೆ, ಇಲ್ಲವಾದರೆ ನಗರಾಭಿವೃದ್ಧಿ ಪ್ರಾಧಿಕಾರ, ಇಬ್ಬರಲ್ಲಿ ಯಾರದು ಎಂದು ತಿಳಿದು ಒಂದು ಪತ್ರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಚಂದಾ ದುಡ್ಡು ಒಬ್ಬರ ಫೋನ್‌ಪೇಗೆ ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಿ, ಖರ್ಚಿನ ಪುಸ್ತಕವನ್ನು ದಾರ ಕಟ್ಟಿ ತೋಟದಲ್ಲೇ ನೇತುಹಾಕಿ.

ಮನೆಗೊಂದು ಮಡಿ ಹಂಚುವುದು ಮೂರನೆಯ ದಾರಿ. ಜವಾಬ್ದಾರಿ ಸ್ಪಷ್ಟ, ಜಗಳ ಕಡಿಮೆ. ಆದರೆ ನಿಮ್ಮಲ್ಲಿ ಇದೊಂದನ್ನೇ ಮಾಡಿದರೆ ಮಡಿಗಳು ಇರುತ್ತವೆ, ಮಾತು ಇರುವುದಿಲ್ಲ. ಊರಿಗೆ ಹೋದವರ ಮಡಿ ಒಣಗಿ ನಿಲ್ಲುತ್ತದೆ. ನಾನಾದರೆ ಎರಡನ್ನೂ ಬೆರೆಸುತ್ತೇನೆ. ತರಕಾರಿಯನ್ನು 60 ಚದರ ಮೀಟರಿಗೆ ಇಳಿಸಿ, ಅದರಲ್ಲಿ ಅರ್ಧ ಸಾಮೂಹಿಕ, ಅರ್ಧ ಕೇಳಿದವರಿಗೆ ಒಂದು ಹಂಗಾಮಿಗೆ. ಮೂರು ವಾರ ಮುಟ್ಟದ ಮಡಿ ಬೇರೆಯವರಿಗೆ. ಉಳಿದ ಜಾಗಕ್ಕೆ ನುಗ್ಗೆ, ಸೀಬೆ, ಕರಿಬೇವು, ಒಂದು ಹೊಂಗೆಯ ನೆರಳು, ಕೂರುವ ಕಟ್ಟೆ. ಕಟ್ಟೆ ಮೊದಲು ಆಗಲಿ. ಒಂಟಿತನಕ್ಕೆ ಮಡಿಗಿಂತ ಕಟ್ಟೆ ಮುಖ್ಯ ಎಂಬುದು ಇಷ್ಟು ವರ್ಷ ಸಸಿ ಹಂಚಿದವನ ಅಭಿಪ್ರಾಯ.

ಸಾವಯವ ಅಂದ ಮಾತ್ರಕ್ಕೆ ಸುರಕ್ಷಿತ ಅಂದುಕೊಳ್ಳಬೇಡಿ. ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಹಾಕಬಾರದು, ಪೂರ್ತಿ ಕಳಿತ ಗೊಬ್ಬರವೇ ಆಗಬೇಕು. ಸಗಣಿ, ಗಂಜಲ ಕೊಳೆಸಿ ಮಾಡುವ ಜೀವಾಮೃತ ಬುಡಕ್ಕೆ ಸರಿ, ನಾಳೆ ಕೀಳುವ ಎಲೆಯ ಮೇಲೆ ಬೇಡ. ಕಾಂಗ್ರೆಸ್ ಗಿಡ ಕೀಳುವಾಗ ಕೈಗವಸು, ತುಂಬುತೋಳಿನ ಅಂಗಿ. ಚರ್ಮದ ಅಲರ್ಜಿ, ಉಬ್ಬಸ ಇರುವವರು ಆ ಕೆಲಸಕ್ಕೆ ಬೇಡವೇ ಬೇಡ. ಇಟ್ಟಿಗೆ, ಕಟ್ಟಿಗೆ ರಾಶಿ ಇದ್ದರೆ ಹಾವಿಗೆ ಮನೆ ಕಟ್ಟಿಕೊಟ್ಟ ಹಾಗೆ. ಸಂಜೆಯಾದ ಮೇಲೆ ಟಾರ್ಚು, ಕಾಲಿಗೆ ಬೂಟು. ಕಚ್ಚಿದರೆ ಕಟ್ಟು, ಕೊಯ್ತ, ನಾಟಿ ಔಷಧಿ ಅನ್ನದೆ ನೇರವಾಗಿ ಜಿಲ್ಲಾಸ್ಪತ್ರೆಗೆ. ಗಿಡದ ರೋಗದ ಪ್ರಶ್ನೆಗಳಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವೇ ಇದೆ, ರೋಗದ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ.

ಇನ್ನು ಯಜಮಾನಿಕೆ. ಈಗ ಎಲ್ಲವೂ ನಿಮ್ಮ ತಲೆಯ ಮೇಲಿದೆ, ಅದು ಪತ್ರದ ಸಾಲುಸಾಲಿನಲ್ಲಿ ಕಾಣುತ್ತದೆ. ನಮ್ಮ ಜಿಲ್ಲೆಯ ಕೆರೆಗಳಿಗೆ ನೀರಗಂಟಿ ಇದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತಿರುಗಿಸುವುದು ಅವರ ಕೆಲಸ. ಎಷ್ಟೇ ದೊಡ್ಡ ಜಮೀನುದಾರ ಆದರೂ ತಾನೇ ಹೋಗಿ ತೂಬು ಎತ್ತುವಂತಿರಲಿಲ್ಲ. ಹೆಚ್ಚಿನ ಊರುಗಳಲ್ಲಿ ಅವರು ದಲಿತ ಕುಟುಂಬದವರು. ಸುಗ್ಗಿಯಲ್ಲಿ ಊರು ಅವರಿಗೆ ಧಾನ್ಯ ಅಳೆದು ಕೊಡುತ್ತಿತ್ತು. ನೀರು ಬಿಡುವ ಹಕ್ಕು ಒಬ್ಬರಿಗೆ, ಫಲ ಎಲ್ಲರಿಗೆ. ನಿಮ್ಮ ತೋಟಕ್ಕೂ ಹಾಗೊಬ್ಬರು ಬೇಕು. ಅಧ್ಯಕ್ಷರು ಕಾರ್ಯದರ್ಶಿ ಇರಲಿ ಬಿಡಿ, ನಲ್ಲಿಯ ಕೀಲಿ ಮಾತ್ರ ಒಬ್ಬರ ಕೈಯಲ್ಲಿರಲಿ, ಅವರು ಹೇಳಿದ ಸರದಿಯೇ ಸರದಿ. ಕೊಯ್ಲಿನ ದಿನ ಮೊದಲ ಕಟ್ಟು ಅವರ ಮನೆಗೆ.

ದಿನಾ ಬರುವವರು ತಾತ ಒಬ್ಬರೇ ಎಂದು ನೀವೇ ಬರೆದಿದ್ದೀರಿ. ಕೀಲಿ ಅವರಿಗೆ ಕೊಡಿ. ಎರಡು ಮಾಡಿಸಿ, ಇನ್ನೊಂದು ಆ ಹುಡುಗನ ಹತ್ತಿರ ಇರಲಿ. ತಾತ ಮಗಳ ಮನೆಗೆ ಹೋದ ವಾರ ಸಸಿಮಡಿ ಒಣಗಬಾರದು.